ಮೂವರು ಗಂಗೆಯರಿಗೆ ಒಂದೇ ಸಾಲು

ನಮ್ಮ ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಗಂಗೆ ಎಂಬ ಹೆಸರಿನವರು ಮೂವರು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಬ್ಬಳೇ. ಉಳಿದ ಇಬ್ಬರನ್ನು ಮೈಸೂರಿನ ಒಂದು ಕಂಪನಿ ಒಂದು ಸೋಮವಾರ ಬೆಳಿಗ್ಗೆ ಅಳಿಸಿಹಾಕಿತು. ಅದಕ್ಕೆ ಅವರು ಇಟ್ಟ ಹೆಸರು ಅಪ್‌ಡೇಟ್.

ನೆನೆಸಿಕೊಂಡರೆ ವಾಕರಿಕೆ ಬರುತ್ತದೆ. ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಅವರು ಬರೆದಿಟ್ಟದ್ದೇ ನಿಜವಾಗಿ ಉಳಿಯುತ್ತದೆ.

ನಾನು ಚೋಮಿ. ಯರವ ಬುಡಕಟ್ಟಿನವಳು. ಗೋಣಿಕೊಪ್ಪಲಿನಿಂದ ಒಂಬತ್ತು ಕಿಲೋಮೀಟರ್ ದೂರದ ಟ್ರಸ್ಟ್ ಆಸ್ಪತ್ರೆಯಲ್ಲಿ ಕಸ ಗುಡಿಸುವವಳು. ವಾಂತಿ ಬಳಿಯುವುದು, ಕಕ್ಕಸು ತೊಳೆಯುವುದು, ರಕ್ತ ಹತ್ತಿದ ಹತ್ತಿಯನ್ನು ಗುಂಡಿಗೆ ಹಾಕಿ ಸುಡುವುದು. ನನ್ನ ಕೈ ಯಾವಾಗಲೂ ಫಿನಾಯಿಲ್ ನಾರುತ್ತದೆ. ಅನ್ನ ಕಲೆಸಿದರೂ ನಾರುತ್ತದೆ. ಗೋಣಿಕೊಪ್ಪಲಿನಲ್ಲಿ ಎರಡು ವರ್ಷ ಕಂಪ್ಯೂಟರ್ ಡಿಪ್ಲೊಮಾ ಓದಿ ಪಾಸಾಗಿದ್ದೇನೆ. ಸರ್ಟಿಫಿಕೇಟ್ ಹಿಡಿದುಕೊಂಡು ಹೋದಾಗ ಟ್ರಸ್ಟಿನ ಸೆಕ್ರೆಟರಿ ಶಶಿಧರ ಸಾರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೇದಾಯ್ತು, ನಿಮ್ಮವರೂ ಓದ್ತಿದ್ದೀರಿ," ಎಂದು ಸಂತೋಷಪಟ್ಟು ಕೈಗೆ ಮಾಪು ಕೊಟ್ಟರು.

ಕಂಪ್ಯೂಟರ್ ಆಪರೇಟರ್ ಅಂತ ಇದ್ದವಳು ಯಮುನ. ಅವಳಿಗೆ ಕನ್ನಡ ಟೈಪಿಂಗ್ ಬಾರದು, ಫೋನು ಬಿಟ್ಟು ಬೇರೆ ನೋಡಲು ಪುರುಸೊತ್ತೂ ಇಲ್ಲ. ಹಾಗಾಗಿ ಕಾಡಂಚಿನ ಹಾಡಿಗಳಿಂದ, ಎಸ್ಟೇಟ್ ಲೈನುಗಳಿಂದ ಬಂದ ಫಾರಮುಗಳನ್ನೆಲ್ಲ ನಾನೇ ಕಂಪ್ಯೂಟರಿಗೆ ಹಾಕುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೂರುತ್ತಿದ್ದೆ. ಅವಳ ಕುರ್ಚಿಯಲ್ಲಲ್ಲ, ಪ್ಲಾಸ್ಟಿಕ್ ಸ್ಟೂಲಿನಲ್ಲಿ. ಊಟ ಮುಗಿಸಿ ಬಂದವಳು ಹತ್ತಿಗೆ ಸ್ಪಿರಿಟ್ ಅದ್ದಿ ನಾನು ಒತ್ತಿದ ಕೀಲಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ನನ್ನ ಕಣ್ಣೆದುರಿಗೇ. ಆ ಹತ್ತಿಯನ್ನೂ ನಾನೇ ಎತ್ತಿ ಬಿಸಾಡಬೇಕಿತ್ತು.

"ಬೇಜಾರು ಮಾಡ್ಬೇಡ ಮಾರಾಯ್ತಿ, ಇನ್‌ಫೆಕ್ಷನ್ ಭಯ," ಅನ್ನುತ್ತಿದ್ದಳು.

ನನಗೆ ಬೇಜಾರಲ್ಲ. ಹೇಸಿಗೆ.

ಮೈಸೂರಿನ ಕಂಪನಿಯ ಆ ಸಾಫ್ಟ್‌ವೇರಿನಲ್ಲಿ ಒಬ್ಬ ರೋಗಿಯನ್ನು ಸೇರಿಸಬೇಕಾದರೆ ಮನೆತನದ ಹೆಸರು ಕೊಡಲೇಬೇಕು. ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದೇ ಇಲ್ಲ. ಕಂಪನಿಯವರು ಕೊಡಗಿಗೆಂದು ವಿಶೇಷವಾಗಿ ಮಾಡಿಸಿದ್ದಂತೆ ಇದು. ಕೊಡಗು ಅಂದರೆ ಮನೆತನ ಇರುವವರು ಮಾತ್ರ ಎಂದು ಅವರಿಗೆ ಯಾರು ಹೇಳಿದರೋ! ನಮಗೆ ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ನಮ್ಮಲ್ಲಿ ಸತ್ತ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತೇವೆ. ಹಾಗಾಗಿ ಒಂದೇ ಲೈನಿನಲ್ಲಿ ಮೂವರು ಗಂಗೆ, ನಾಲ್ವರು ಚೋಮಿ. ಯಾರಿಗೂ ಗೊಂದಲವಾಗುವುದಿಲ್ಲ. ಯಾರ ಮಗಳು ಎಂದು ಕೇಳಿದರೆ ಮುಗಿಯಿತು. ಕಾಳಿಯ ಮಗಳು ಗಂಗೆ, ಬೊಳ್ಳಿಯ ಮಗಳು ಗಂಗೆ, ವಯಸ್ಸಾದವಳು ಗಂಗಜ್ಜಿ. ಆದರೆ ಯಾರ ಮಗಳು ಎಂದು ಬರೆಯಲು ಆ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ.

ನಾನು ಯಮುನಳನ್ನು ಕೇಳಿದೆ. ಅವಳು ಶಶಿಧರ ಸಾರನ್ನು ಕೇಳಿದಳು. ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದರು.

"ಯಾರ ಎಸ್ಟೇಟಿನ ಲೈನೋ ಆ ಧಣಿಗಳ ಮನೆ ಹೆಸರು ಹಾಕು. ಹುಟ್ಟಿದ ತಾರೀಕು ಗೊತ್ತಿಲ್ಲದಿದ್ರೆ ಎಲ್ಲಾದಕ್ಕೂ ಸಾವಿರದ ಒಂಬೈನೂರ ತೊಂಬತ್ತು, ಜನವರಿ ಒಂದು."

ಹಾಕಿದೆ. ನನ್ನ ಕೈಯಾರೆ ಹಾಕಿದೆ. ನಮ್ಮಜ್ಜನನ್ನು ಎಮ್ಮೆಯ ಜೊತೆ ಲೆಕ್ಕ ಹಾಕುತ್ತಿದ್ದ ಮನೆಯ ಹೆಸರನ್ನು ನನ್ನ ಅವ್ವನ ಹೆಸರಿನ ಪಕ್ಕ ಟೈಪ್ ಮಾಡಿದೆ. ನನ್ನ ಅಕ್ಕನ ಪಕ್ಕ, ನನ್ನ ಪಕ್ಕವೂ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂರು ಸಲ ಒತ್ತಿದ್ದೇನೆ, ಸಾಕು. ತಪ್ಪೆಂದು ಆಗಲೇ ಗೊತ್ತಿತ್ತು. ಇಂಥ ಕೆಲಸ ಕೊಟ್ಟಿದ್ದಾರಲ್ಲ ಎಂದು ಒಳಗೊಳಗೇ ಜಂಬವೂ ಇತ್ತು. ಥೂ.

ಡಿಸೆಂಬರಿನಲ್ಲಿ ಕಂಪನಿ ಅಪ್‌ಡೇಟ್ ಕಳಿಸಿತು. ಒಂದೇ ಹೆಸರು, ಒಂದೇ ಮನೆತನ, ಒಂದೇ ಹುಟ್ಟಿದ ದಿನ ಇರುವವರನ್ನೆಲ್ಲ ಹುಡುಕಿ ಒಬ್ಬರನ್ನಾಗಿ ಮಾಡಿತು. ಮೂವರು ಗಂಗೆಯರ ಕಾಯಿಲೆ, ಮೂವರ ಮಾತ್ರೆ, ಎಲ್ಲ ಒಂದೇ ಸಾಲಿಗೆ ಬಂದು ಬಿದ್ದವು. ನಮ್ಮ ಎಸ್ಟೇಟಿನ ಲೈನುಗಳಲ್ಲೇ ನಲವತ್ಮೂರು ಜನ ಹೀಗೆ ಒಬ್ಬರೊಳಗೊಬ್ಬರು ಕರಗಿಹೋದರು. ಆ ಕಂಪನಿ ರೋಗಿಗಳ ಲೆಕ್ಕದ ಮೇಲೆ ಸಾಫ್ಟ್‌ವೇರಿಗೆ ಬಾಡಿಗೆ ಹಾಕುವುದು. ಸಂಖ್ಯೆ ಇಳಿದದ್ದು ನೋಡಿ ಶಶಿಧರ ಸಾರ್ ಮೀಟಿಂಗಿನಲ್ಲಿ ಹೇಳಿದರಂತೆ, "ಇಷ್ಟು ದಿನ ಕಳ್ಳ ಹೆಸರು ಇದ್ದದ್ದು ಈಗ ಗೊತ್ತಾಯ್ತು."

ಹದಿನೈದು ದಿನಕ್ಕೊಮ್ಮೆ ಗುರುವಾರ ಆಸ್ಪತ್ರೆಯ ವ್ಯಾನು ಲೈನಿಗೆ ಹೋಗುತ್ತದೆ. ನರ್ಸು ಸುಮಿತಾ, ಲ್ಯಾಪ್‌ಟಾಪ್ ಹಿಡಿದ ಯಮುನ, ಡಾಕ್ಟರಮ್ಮ. ಹೆಸರು ಹೇಳಿದರೆ ಚೀಟಿ ಬರುತ್ತದೆ, ಚೀಟಿಯಲ್ಲಿದ್ದ ಮಾತ್ರೆ ಕೊಡುತ್ತಾರೆ. ಡಾಕ್ಟರಮ್ಮ ನೋಡುವುದು ಹೊಸ ಕಾಯಿಲೆಯವರನ್ನು ಮಾತ್ರ. ನಾನು ಆಸ್ಪತ್ರೆಯಲ್ಲೇ ಇರುತ್ತೇನೆ. ವಾರವಿಡೀ ಹಿಂದಿನ ಕೋಣೆಯಲ್ಲಿ ಮಲಗಿ ಶನಿವಾರ ಮಾತ್ರ ಲೈನಿಗೆ ಹೋಗುತ್ತೇನೆ.

ಅಪ್‌ಡೇಟ್ ಆದ ವಾರದ ಗುರುವಾರ ಕಳೆದು ಶುಕ್ರವಾರ ಬೆಳಿಗ್ಗೆ ಗಂಗಜ್ಜಿ ನಡೆದುಕೊಂಡೇ ಬಂದಳು. ಶುಗರ್ ಇರುವವಳು. ಕಾಲಿನ ಹೆಬ್ಬೆರಳಿನಲ್ಲಿ ಹುಣ್ಣು. ಸುತ್ತಿದ ಬಟ್ಟೆಯಿಂದ ನೀರು ಸೋರುತ್ತಿತ್ತು, ನೊಣ ಕೂತಿತ್ತು.

"ಮಾತ್ರೆ ಕೊಡಲಿಲ್ಲ ಮಗಾ. ಆಗಲೇ ತಗೊಂಡಿದ್ದೀ, ಎರಡನೇ ಸಲ ಬಂದಿದ್ದೀ ಅಂತ ಬೈದರು."

"ಯಾರು ಬೈದದ್ದು?"

"ಆ ಡಬ್ಬಿ ಇಟ್ಕೊಂಡವಳು. ಕಳ್ಳಿ ಅಂದಳು. ನಾನು ಕಳ್ಳಿಯಾ ಚೋಮಿ? ಎಪ್ಪತ್ತು ವರ್ಷ ಅವರ ತೋಟದಲ್ಲಿ ಒಂದು ಕಾಳು ಮೆಣಸು ಮುಟ್ಟಲಿಲ್ಲ."

ಬೊಳ್ಳಿಯ ಮಗಳು ಗಂಗೆಗೆ ಫಿಟ್ಸ್ ಬರುತ್ತದೆ. ಅವಳನ್ನೂ ಹಾಗೆಯೇ ಬೈದು ಕಳಿಸಿದ್ದರು. ನಾನು ಯಮುನಳ ಪರದೆ ನೋಡಿದೆ. ಆಗ ತಿಳಿಯಿತು. ಕಂಪನಿಗೆ ಫೋನ್ ಮಾಡಿದೆ. ಸಪೋರ್ಟಿಗೆ ಅಂತ ಗೋಡೆಯ ಮೇಲೆ ದೊಡ್ಡದಾಗಿ ನಂಬರ್ ಅಂಟಿಸಿದ್ದಾರೆ.

"ನಮಸ್ಕಾರ, ಟಿಕೆಟ್ ನಂಬರ್ ಹೇಳಿ," ಎಂದಳು ಒಬ್ಬಳು.

"ಟಿಕೆಟ್ ಇಲ್ಲ ಮೇಡಂ. ನಿಮ್ಮ ಅಪ್‌ಡೇಟಿಂದ ಮೂರು ಜನ ಒಬ್ಬರಾಗಿದ್ದಾರೆ. ಒಬ್ಬರ ಮಾತ್ರೆ ಇನ್ನೊಬ್ಬರ ಹೆಸರಿಗೆ ಬರ್ತಿದೆ."

"ನಿಮ್ಮ ಲಾಗಿನ್ ಐಡಿ?"

"ನನಗೆ ಲಾಗಿನ್ ಇಲ್ಲ. ನಾನು ಇಲ್ಲಿ ಕಸ ಗುಡಿಸುವವಳು."

ಆ ಕಡೆ ಯಾರೋ ನಕ್ಕದ್ದು ಕೇಳಿಸಿತು. "ನೋಂದಾಯಿತ ಬಳಕೆದಾರರು ಮಾತ್ರ ಕರೆ ಮಾಡಬೇಕು ಮೇಡಂ. ಧನ್ಯವಾದ."

ಯಮುನಳ ಕಾಲಿಗೆ ಬಿದ್ದವಳಂತೆ ಬೇಡಿ ಅವಳಿಂದ ಮಾಡಿಸಿದೆ. ಒಮ್ಮೆ ಸಂಗೀತ ಹಾಕಿದರು. ಒಮ್ಮೆ ಇಂಜಿನಿಯರ್ ಊಟಕ್ಕೆ ಹೋಗಿದ್ದರು. ಒಮ್ಮೆ ಫೋನೇ ಕಟ್ಟಾಯಿತು. ಹನ್ನೊಂದನೇ ಸಲಕ್ಕೆ ಒಬ್ಬ ಗಂಡಸು ಸಿಕ್ಕಿದ. ಅವನು ಹೇಳಿದ್ದು ಇಷ್ಟು: ಇದು ತಪ್ಪಲ್ಲ, ಹೊಸ ಸೌಲಭ್ಯ. ಬೇರೆ ಮಾಡಬೇಕಾದರೆ ಅರ್ಜಿ ಹಾಕಿ. ನಲವತ್ತೈದು ಕೆಲಸದ ದಿನ. ಹುಣ್ಣು ಕೊಳೆಯುವುದಕ್ಕೆ ಎಷ್ಟು ಕೆಲಸದ ದಿನ ಬೇಕು ಎಂದು ಅವನಿಗೆ ಯಾರೂ ಕಲಿಸಿಲ್ಲ.

ಗಂಗಜ್ಜಿಗೂ ಬೊಳ್ಳಿಯ ಗಂಗೆಗೂ ಸುಮಿತಾ ಸಿಸ್ಟರ್ ಕದ್ದು ಮಾತ್ರೆ ಕೊಟ್ಟರು. ಮಿಕ್ಕವರಿಗೆ?

ಆಸ್ಪತ್ರೆಯ ಸ್ಟೋರಿನಲ್ಲಿ, ಫಿನಾಯಿಲ್ ಕ್ಯಾನುಗಳ ಪಕ್ಕ, ಒಂದು ಹಳೆ ಕಂಪ್ಯೂಟರ್ ಬಿದ್ದಿತ್ತು. ಗುಜರಿಗೆ ಹೋಗಬೇಕಾದದ್ದು. ಆರು ತಿಂಗಳ ಹಿಂದೆಯೇ ಅದನ್ನು ಒರೆಸಿ ಎಬ್ಬಿಸಿದ್ದೆ. ಡಿಪ್ಲೊಮಾದಲ್ಲಿ ಕಲಿಸಿದ ಮೇಷ್ಟ್ರು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಕಂಪ್ಯೂಟರ್ ನಡೆಸುವ ಲಿನಕ್ಸ್ ಹಾಕಿ, ಅದರ ಮೇಲೆ ಆಸ್ಪತ್ರೆಯ ದಾಖಲೆ ಇಡುವ ಒಂದು ಮುಕ್ತ ತಂತ್ರಾಂಶ ಕೂರಿಸಿದ್ದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅಷ್ಟೇ. ಅದೇನೂ ದೇವರಲ್ಲ. ಮೊದಲ ದಿನವೇ ಕನ್ನಡ ಅಕ್ಷರದ ಬದಲು ಚೌಕ ಚೌಕ ತೋರಿಸಿ ಸತಾಯಿಸಿತು. ಯಾರಿಗೂ ಫೋನ್ ಮಾಡುವಂತಿಲ್ಲ. ಆದರೆ ಇಂಟರ್‌ನೆಟ್ಟಿನಲ್ಲಿ ಅದನ್ನು ಬಳಸುವವರದ್ದೊಂದು ಗುಂಪಿತ್ತು, ಅಲ್ಲಿ ಹರಕು ಇಂಗ್ಲಿಷಿನಲ್ಲಿ ಬರೆದು ಕೇಳಿದೆ. ದಾವಣಗೆರೆಯ ಯಾರೋ ಒಬ್ಬರು ಎರಡು ಗಂಟೆಯೊಳಗೆ ಉತ್ತರ ಕೊಟ್ಟರು. ನನ್ನ ಲಾಗಿನ್ ಕೇಳಲಿಲ್ಲ. ನಾನು ಯಾರೆಂದೂ ಕೇಳಲಿಲ್ಲ.

ಆ ಶನಿವಾರ ನಾನು ಲೈನಿಗೆ ಹೋಗಲಿಲ್ಲ. ಸ್ಟೋರಿನಲ್ಲೇ ಕೂತೆ. ಮನೆತನದ ಹೆಸರಿನ ಜಾಗ ಕಿತ್ತು ಹಾಕಿ "ಯಾರ ಮಗಳು, ಯಾರ ಮಗ" ಎಂದು ಸೇರಿಸಿದೆ. ಯಾರ ಮಗಳು, ಯಾವ ಮಾತ್ರೆ ಎಂದು ಬರೆದಿದ್ದ ಹಳೆಯ ಕಾಗದದ ಫಾರಮುಗಳು ಮೂಲೆಯಲ್ಲಿ ಗೋಣಿಚೀಲದಲ್ಲಿ ತುಂಬಿಕೊಂಡು ಗುಜರಿಯವನಿಗೆ ಕಾಯುತ್ತಿದ್ದವು. ಇಲಿ ಕಡಿದಿತ್ತು. ಹಿಕ್ಕೆ ಕೊಡವಿ ಕೊಡವಿ ಒಂದೊಂದೇ ತೆಗೆದೆ. ಭಾನುವಾರ ಸಂಜೆಗೆ ನಲವತ್ಮೂರು ಜನರೂ ಮತ್ತೆ ಹುಟ್ಟಿದರು. ಕೊನೆಯ ಫಾರಮು ಹಾಕಿ ಎದ್ದಾಗ ಬೆನ್ನು ನೆಟ್ಟಗಾಗಲಿಲ್ಲ. ಆದರೂ ಖುಷಿಯಾಯಿತು.

ಎಂಥ ದಡ್ಡಿ ನಾನು! ಮಾತ್ರೆ ಯಾರಿಗೆ ಸಿಗಲಿಲ್ಲ ಎಂದು ಎರಡು ದಿನ ಲೆಕ್ಕ ಮಾಡಿದೆ. ಆ ಮಾತ್ರೆಗಳೆಲ್ಲ ಯಾರಿಗೆ ಸಿಕ್ಕಿದವು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಶಶಿಧರ ಸಾರನ್ನು ಸ್ಟೋರಿಗೆ ಕರೆದು ತೋರಿಸಿದೆ. ಮೂಗಿಗೆ ಕರ್ಚೀಫ್ ಹಿಡಿದುಕೊಂಡು ನೋಡಿದರು.

"ಇದನ್ನು ಎಲ್ಲಿಂದ ತಂದದ್ದು?"

"ಫ್ರೀ ಸಾಫ್ಟ್‌ವೇರ್ ಸಾರ್. ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ನೋಡಿ, ಮೂರು ಗಂಗೆ ಮೂರು ಸಾಲಲ್ಲಿ ಇದ್ದಾರೆ."

"ಪುಕ್ಕಟೆ ಸಿಗುದಕ್ಕೆ ಗ್ಯಾರಂಟಿ ಯಾರು ಕೊಡ್ತಾರೆ? ನಾಳೆ ಹಾಳಾದ್ರೆ ಯಾರಿಗೆ ಫೋನ್ ಮಾಡುದು?"

"ಹಣ ಕೊಟ್ಟದ್ದು ಈಗ ಹಾಳಾಗಿದೆಯಲ್ಲ ಸಾರ್. ಹನ್ನೊಂದು ಸಲ ಫೋನ್ ಮಾಡಿಸಿದೆ."

"ಎದುರು ಮಾತಾಡ್ಬೇಡ. ಕಂಪನಿ ಅಂದ್ರೆ ಅದಕ್ಕೊಂದು ಹೊಣೆ ಇರ್ತದೆ. ಆಡಿಟ್‌ನವರು ಬಂದ್ರೆ ತೋರಿಸ್ಲಿಕ್ಕೆ ಒಪ್ಪಂದ ಇರ್ತದೆ. ಇದನ್ನು ಯಾರ್ಯಾರೋ ಬರೆದು ರಸ್ತೆಗೆ ಬಿಟ್ಟಿದ್ದಾರೆ. ಇದಕ್ಕೆ ಅಪ್ಪ ಅಮ್ಮ ಯಾರಂತಲೇ ಗೊತ್ತಿಲ್ಲ."

ನನ್ನ ಕಡೆ ನೋಡಿಕೊಂಡೇ ಹಾಗೆ ಹೇಳಿದರು. ಕಂಪ್ಯೂಟರಿನ ಬಗ್ಗೆ ಮಾತ್ರ ಹೇಳಿದ್ದಲ್ಲ ಅದು. ಇನ್ನೂ ಏನೋ ಹೇಳುವವರಿದ್ದರು, ಅಷ್ಟರಲ್ಲಿ ಅಂಗಳಕ್ಕೆ ಜೀಪು ಬಂತು. ಯಮುನ ಬಾಗಿಲಿಂದ ಕೂಗಿದಳು.

"ಚೋಮೀ, ಬಕೆಟ್ ತಗೊಂಡು ಬಾ, ಯಾರೋ ವಾಂತಿ ಮಾಡಿದ್ದಾರೆ!"

ಬಕೆಟ್ ತೆಗೆದುಕೊಂಡು ಓಡಿದೆ. ಕಾಫಿ ಮೂಟೆಗಳ ನಡುವೆ ಮಲಗಿಸಿ ತಂದಿದ್ದರು. ಕಾಳಿಯ ಮಗಳು ಗಂಗೆ. ನನ್ನ ಅಕ್ಕ. ಐದು ತಿಂಗಳ ಬಸುರಿ.

ಮೈಯೆಲ್ಲ ಬೆವರು. ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಕೈ ನಡುಗುತ್ತಿತ್ತು. ಕೆನ್ನೆಗೆ ಮಣ್ಣು ಮೆತ್ತಿತ್ತು. ಭಾವ ರಾಜು ಅಳುತ್ತಾ ಹೇಳಿದ, ಕಾಫಿ ಹಣ್ಣಿನ ಪಿಕಿಂಗ್ ಮಾಡುತ್ತಾ ಇದ್ದ ಹಾಗೇ ಗಿಡದ ಬುಡಕ್ಕೆ ಕುಸಿದಳಂತೆ. ಕಡಿದ ಸಿಲ್ವರ್ ಓಕ್ ಮರದ ಬೊಡ್ಡೆಗೆ ಹೊಟ್ಟೆ ಬಡಿಯಿತಂತೆ. ಎಸ್ಟೇಟಿನಲ್ಲಿ ಕೂಲಿಗಳ ಲೆಕ್ಕ ನೋಡುವ ರೈಟರ್ ಬಂದು ನೋಡಿ, "ಕುಡಿದು ಬಿದ್ದಿದ್ದಾಳೆ, ಇವರದ್ದು ಇದೇ ಪಾಡು, ನೆರಳಿಗೆ ಎಳೆದು ಹಾಕಿ, ಇಳಿದ ಮೇಲೆ ಏಳ್ತಾಳೆ," ಅಂದನಂತೆ. ಎಳೆದು ಹಾಕಿದರು. ಮುಖಕ್ಕೆ ಒಂದು ಕೊಡ ನೀರು ಸುರಿದರು. ನನ್ನ ಅಕ್ಕ ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವಳಲ್ಲ. ಎರಡು ಗಂಟೆ ಹಾಗೇ ಬಿದ್ದಿದ್ದಳು. ಮೂಟೆ ಸಾಗಿಸುವ ಜೀಪು ಬಂದ ಮೇಲೆ, ಮೂಟೆಯ ಜೊತೆ ಬಂದಳು.

ಸುಮಿತಾ ಸಿಸ್ಟರ್ ಗ್ಲೂಕೋಸ್ ಬಾಟಲಿಗೆ ಕೈ ಹಾಕಿದರು. ಯಮುನ ಪರದೆ ನೋಡಿ ಚೀರಿದಳು.

"ಬೇಡ ಸಿಸ್ಟರ್! ಶುಗರ್ ಪೇಷಂಟ್ ಇವಳು. ಸಿಸ್ಟಂನಲ್ಲಿದೆ!"

ಸಿಸ್ಟರ್ ಕೈ ನಿಂತಿತು. ಒಂದು ಕ್ಷಣ ಎಲ್ಲರೂ ಆ ಪರದೆಯನ್ನೇ ನೋಡಿದರು. ನೆಲದ ಮೇಲಿದ್ದವಳನ್ನು ಯಾರೂ ನೋಡಲಿಲ್ಲ. ನಾನು ಬಕೆಟ್ ಒದ್ದೆ.

"ನನ್ನ ಅಕ್ಕನಿಗೆ ಯಾವ ಶುಗರೂ ಇಲ್ಲ! ಬೆರಳು ಚುಚ್ಚಿ ನೋಡಿ! ಡಬ್ಬಿ ನೋಡ್ಬೇಡಿ, ಬೆರಳು ನೋಡಿ!"

ಚುಚ್ಚಿದರು. ರಕ್ತದಲ್ಲಿ ಸಕ್ಕರೆ ಬರೀ ಮೂವತ್ತೊಂದು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಆಗಿಹೋಗುತ್ತಿತ್ತು ಎಂದರು ಸಿಸ್ಟರ್. ಗ್ಲೂಕೋಸ್ ಇಳಿಯುತ್ತಾ ಬಂದಂತೆ ಅಕ್ಕ ಕಣ್ಣು ಬಿಟ್ಟಳು. ನಾನು ನೆಲದ ಮೇಲೆ ಅವಳ ವಾಂತಿಯನ್ನೇ ಬಳಿಯುತ್ತಿದ್ದೆ. ಮಾತ್ರೆಯ ಬಿಳಿ ಚೂರುಗಳು ಅದರಲ್ಲಿದ್ದವು.

ಕಬ್ಬಿಣದ ಮಾತ್ರೆಗೆಂದು ವ್ಯಾನಿಗೆ ಹೋದವಳು ಅವಳು. ಮೂವರ ಮಾತ್ರೆಯನ್ನೂ ಒಂದೇ ಕವರಿಗೆ ಹಾಕಿ ಕೊಟ್ಟಿದ್ದರು. ಶುಗರಿನದ್ದು, ಫಿಟ್ಸಿನದ್ದು, ಎಲ್ಲ. ಒಂದೂ ಬಿಡದೆ ನುಂಗಿದ್ದಳು. ದಿನಕ್ಕೆ ಮೂರು ಸಲ. ಸೋಮವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ.

"ಇಷ್ಟೊಂದು ಮಾತ್ರೆ ಕೊಟ್ಟಾಗ ಕೇಳ್ಬಾರದಿತ್ತಾ ಅಕ್ಕಾ?"

"ಎಂತ ಕೇಳುದು? ನೀ ಕೆಲಸ ಮಾಡುವ ಜಾಗದ್ದು ಅಲ್ವಾ," ಎಂದಳು.

ಮಡಿಕೇರಿಗೆ ಕರೆದುಕೊಂಡು ಹೋದೆವು. ಮಂಗಳವಾರ ಮಗು ಹೋಯಿತು. ಬಿದ್ದ ಪೆಟ್ಟಿಗೋ, ಮಾತ್ರೆಗೋ, ಯಾವುದರಿಂದ ಎಂದು ಖಚಿತವಾಗಿ ಹೇಳಲಾಗುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ಹೇಳಲಾಗದ್ದು ಶಶಿಧರ ಸಾರಿಗೆ ಅನುಕೂಲವಾಯಿತು.

ಸಪೋರ್ಟಿನ ಇಂಜಿನಿಯರ್ ಆಮೇಲೆ ಬಂದ. ಹನ್ನೊಂದು ಫೋನಿಗೆ ಬಾರದವನು, ಒಂದು ಮಗು ಹೋದ ಮೇಲೆ ಕಾರಿನಲ್ಲಿ ಬಂದ. ಲೋಹಿತ್ ಎಂದು ಹೆಸರು. ಕುಶಾಲನಗರದ ಕಡೆಯವನು, ನನ್ನಷ್ಟೇ ವಯಸ್ಸು. ಕುತ್ತಿಗೆಯಲ್ಲಿ ಕಂಪನಿಯ ಕಾರ್ಡು. ಮುಕ್ಕಾಲು ಗಂಟೆ ಕೂತು ನೋಡಿದ. ನಾನು ನೆಲ ಒರೆಸುವ ನೆಪದಲ್ಲಿ ಅಲ್ಲೇ ಇದ್ದೆ.

"ಸಾಫ್ಟ್‌ವೇರ್ ಪಕ್ಕಾ ಇದೆ ಸರ್," ಎಂದ. "ಡೇಟಾನೇ ಸರಿ ಇಲ್ಲ. ಎಲ್ರಿಗೂ ಒಂದೇ ಮನೆ ಹೆಸ್ರು, ಒಂದೇ ಬರ್ತ್‌ಡೇಟು. ಕಸ ಹಾಕಿದ್ರೆ ಕಸಾನೇ ಬರೋದು."

"ಅದನ್ನೇ ರಿಪೋರ್ಟಿನಲ್ಲಿ ಬರೆದು ಕೊಡಿ," ಎಂದರು ಶಶಿಧರ ಸಾರ್. ಆಮೇಲೆ ನನ್ನನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಮೊದಲ ಸಲ.  ಕೂರಲಿಲ್ಲ.

ಮೇಜಿನ ಮೇಲೆ ಒಂದು ಕಾಗದ. ಡಿ ದರ್ಜೆ ನೌಕರಳಾದ ಚೋಮಿ ಎಂಬವಳು ಅನುಮತಿ ಇಲ್ಲದೆ ಗಣಕಯಂತ್ರವನ್ನು ಬಳಸಿ ತಪ್ಪು ಮಾಹಿತಿ ತುಂಬಿರುತ್ತಾಳೆ, ಅನಧಿಕೃತ ತಂತ್ರಾಂಶವನ್ನು ಅಳವಡಿಸಿರುತ್ತಾಳೆ, ಅದರಿಂದ ಉಂಟಾದ ಗೊಂದಲಕ್ಕೆ ತಾನೇ ಹೊಣೆ ಎಂದು ಒಪ್ಪಿಕೊಂಡಿರುತ್ತಾಳೆ. ಓದಿದೆ. ಹೊಣೆ ಹೊಣೆ ಎಂದು ಅವರು ಬಡಿದುಕೊಳ್ಳುತ್ತಿದ್ದದ್ದು ಇದನ್ನೇ ಅಂತ ಆಗ ಅರ್ಥವಾಯಿತು.

"ಪೊಲೀಸು ಗಿಲೀಸು ಎಂತದೂ ಇಲ್ಲ," ಎಂದರು ಮೆತ್ತಗೆ. "ಫೈಲಿಗೆ ಒಂದು ಕಾಗದ ಅಷ್ಟೇ. ಬರುವ ತಿಂಗಳಿಂದ ನಿನ್ನನ್ನು ಸಹಾಯಕ ಆಪರೇಟರ್ ಮಾಡ್ತೇವೆ. ನಿನ್ನದೇ ಕುರ್ಚಿ, ನಿನ್ನದೇ ಲಾಗಿನ್."

ಅಷ್ಟರಲ್ಲಿ ಲೋಹಿತ್ ಸ್ಟೋರಿನಿಂದ ಬಂದ. ಕೈಯಲ್ಲಿ ತನ್ನ ಪೆನ್‌ಡ್ರೈವ್ ಆಡಿಸುತ್ತಿದ್ದ.

"ಚೆನ್ನಾಗ್ ಮಾಡಿದ್ದೀಯಮ್ಮ. ತಾಯಿ ಹೆಸರಿಂದ ಹುಡುಕೋದು ಒಳ್ಳೆ ಐಡಿಯಾ. ನಮ್ಮ ಮುಂದಿನ ವರ್ಷನ್‌ಗೆ ಹಾಕ್ತೀವಿ. ನೀನು ತುಂಬಿರೋ ಲಿಸ್ಟೂ ಕಾಪಿ ಮಾಡ್ಕೋತೀನಿ, ಅದಕ್ಕೆ ಮಾತ್ರ ಪಾಸ್‌ವರ್ಡ್ ಕೇಳ್ತಿದೆ, ಹೇಳು. ಆಮೇಲೆ ಆ ಮಿಷನ್ ಅಳಿಸಿಬಿಡ್ತೀನಿ, ಸೆಕ್ಯೂರಿಟಿ ಪ್ರಾಬ್ಲಂ."

"ಅದನ್ನು ನಿಮ್ಮದು ಅಂತ ಮಾರ್ತೀರಾ?"

ಅವನು ನಕ್ಕ. "ಓಪನ್ ಸೋರ್ಸ್ ಅಲ್ವಾ? ಯಾರ್ ಬೇಕಾದ್ರೂ ತಗೋಬಹುದು ಅಂತ ನಿಮ್ಮೋರೇ ಹೇಳೋದು."

"ತಗೊಳ್ಳಿ. ತಗೊಂಡು ತಿದ್ದಿ ಬೇರೆಯವರಿಗೆ ಕೊಟ್ರೆ, ಒಳಗೆ ಎಂತ ಇದೆ ಅಂತ ಅವರಿಗೂ ಬಿಚ್ಚಿ ತೋರಿಸ್ಬೇಕು. ಅದರ ಷರತ್ತೇ ಅದು. ಓದಿ ನೋಡಿ. ನಿಮ್ಮ ಡಬ್ಬಿ ಬಿಚ್ಚಿ ತೋರಿಸ್ತೀರಾ?"

ಅವನು ಪೆನ್‌ಡ್ರೈವ್ ಆಡಿಸುವುದನ್ನು ಬಿಟ್ಟು ಜೇಬಿಗೆ ಹಾಕಿಕೊಂಡ.

"ಸಾಫ್ಟ್‌ವೇರ್ ತಗೊಳ್ಳಿ," ಎಂದೆ. "ಲಿಸ್ಟ್ ಕೊಡುದಿಲ್ಲ. ಅದು ನಮ್ಮ ಜನರ ಹೆಸರು. ನಮ್ಮ ಜನರ ಕಾಯಿಲೆ. ಅದು ಪುಕ್ಕಟೆ ಅಲ್ಲ, ನಿಮ್ಮ ಬಾಡಿಗೆ ಲೆಕ್ಕಕ್ಕೂ ಅಲ್ಲ."

ಶಶಿಧರ ಸಾರ್ ಮೇಜು ಗುದ್ದಿದರು. "ಅಹಂಕಾರ ನೋಡು ಇವಳದ್ದು! ಎರಡಕ್ಷರ ಕಲಿತ ಕೂಡ್ಲೆ! ಸಹಿ ಹಾಕು ಮೊದಲು."

"ಹಾಕುದಿಲ್ಲ."

"ಸಹಿ ಬರುದಿಲ್ವಾ? ಹೆಬ್ಬೆಟ್ಟು ಒತ್ತು." ಇಂಕಿನ ಪ್ಯಾಡನ್ನು ನನ್ನ ಕಡೆಗೆ ತಳ್ಳಿದರು.

ನೋಡಿದೆ. ನನ್ನ ಅಪ್ಪ, ಅವನಪ್ಪ, ಎಷ್ಟು ಕಾಗದಕ್ಕೆ ಒತ್ತಿದ್ದರೋ. ಓದಲು ಬಾರದೆ ಒತ್ತಿದರು. ನನಗೆ ಓದಲು ಬರುತ್ತದೆ. ಎಲ್ಲವೂ ಅರ್ಥವಾಗುತ್ತದೆ. ಅದೇ ಹೇಸಿಗೆ.

"ಮನೆತನದ ಹೆಸರು ಹಾಕು ಅಂದದ್ದು ನೀವು. ಜನವರಿ ಒಂದು ಅಂದದ್ದು ನೀವು. ನಾನು ಟೈಪ್ ಮಾಡಿದ್ದು ಹೌದು. ಆ ಪಾಪ ನನಗೆ ಗೊತ್ತು, ನಾನು ಹೊರ್ತೇನೆ. ನಿಮ್ಮದನ್ನು ಹೊರುದಿಲ್ಲ. ಕಂಪನಿಯದ್ದನ್ನೂ ಹೊರುದಿಲ್ಲ. ಎಷ್ಟು ಹೊರ್ಬೇಕು ಸಾರ್ ನಾವು? ನಿಮ್ಮ ಹೇಲು ಹೊತ್ತಾಯ್ತಲ್ಲ, ಸಾಕಾಗಲಿಲ್ವಾ?"

ಅದೇ ಮಧ್ಯಾಹ್ನ ನನ್ನನ್ನು ಕೆಲಸದಿಂದ ತೆಗೆದರು. ಸ್ಟೋರಿನ ಕಂಪ್ಯೂಟರನ್ನು ಲೋಹಿತ್ ಪೂರ್ತಿ ಅಳಿಸಿದ. ಅಳಿಸಲಿ. ಲಿಸ್ಟನ್ನು ಮೊದಲೇ ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಗೋಣಿಕೊಪ್ಪಲಿಗೆ ಹೋಗಿ, ಜೆರಾಕ್ಸ್ ಅಂಗಡಿಯಲ್ಲಿ ಕೂತು, ಒಬ್ಬೊಬ್ಬರದ್ದೂ ಬೇರೆ ಬೇರೆ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಹೆಸರು, ಯಾರ ಮಗಳು, ಯಾವ ಕಾಯಿಲೆ, ಯಾವ ಮಾತ್ರೆ, ಯಾವ ಮಾತ್ರೆ ಕೊಡಬಾರದು. ನಲವತ್ಮೂರು ಹಾಳೆ. ಲೈನಿನಲ್ಲಿ ಒಂದೊಂದು ಬಾಗಿಲಿಗೂ ಹೋಗಿ ಓದಿ ಹೇಳಿ, ಅವರವರ ಕೈಗೇ ಕೊಟ್ಟೆ. "ಇದನ್ನು ಯಾರಿಗೂ ಕೊಡ್ಬೇಡಿ, ತೋರಿಸಿ ವಾಪಸ್ ತಗೊಳ್ಳಿ," ಎಂದೆ.

ಗುರುವಾರ ವ್ಯಾನು ಬಂತು. ಈ ಸಲ ಶಶಿಧರ ಸಾರೂ ಬಂದಿದ್ದರು. ಲೈನಿನ ಮುಂದೆ ಮೇಜು ಹಾಕಿದರು. ಯಮುನ ಲ್ಯಾಪ್‌ಟಾಪ್ ಬಿಚ್ಚಿದಳು. ಪಿಕಿಂಗಿಗೆ ಯಾರೂ ಹೋಗಿರಲಿಲ್ಲ. ರೈಟರ್ ಎರಡು ಸಲ ಸೀಟಿ ಊದಿ ಬಾಯಿಗೆ ಬಂದಂತೆ ಬೈದು ಹೋಗಿದ್ದ.

"ಗಂಗೆ," ಎಂದು ಕರೆದಳು ಯಮುನ.

ಮೂವರೂ ಎದ್ದು ಬಂದರು. ಗಂಗಜ್ಜಿ ಕುಂಟುತ್ತಾ. ಬೊಳ್ಳಿಯ ಮಗಳು ಕೂಸನ್ನು ಕಟ್ಟಿಕೊಂಡು. ನಡುವೆ ನನ್ನ ಅಕ್ಕ. ಅವಳ ಹಾಲು ಇನ್ನೂ ನಿಂತಿರಲಿಲ್ಲ, ರವಿಕೆ ಒದ್ದೆಯಾಗಿತ್ತು. ಮೂವರೂ ತಮ್ಮ ತಮ್ಮ ಹಾಳೆಯನ್ನು ಮುಂದಕ್ಕೆ ಹಿಡಿದರು.

"ಒಬ್ಬೊಬ್ಬರೇ ಬನ್ನಿ," ಎಂದಳು ಯಮುನ. "ಗಂಗೆ ಯಾರು?"

"ನಾನು," ಎಂದಳು ಗಂಗಜ್ಜಿ. "ನಾನು," ಎಂದಳು ಬೊಳ್ಳಿಯ ಮಗಳು. ಅಕ್ಕ ಹಾಳೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು, ಅಷ್ಟೇ. ಅವಳು ಯಾವತ್ತೂ ಇಂಥವರ ಮುಂದೆ ಬಾಯಿ ಬಿಟ್ಟವಳಲ್ಲ.

ಡಾಕ್ಟರಮ್ಮ ಹಾಳೆಗಳಿಗೆ ಕೈ ಚಾಚಿದರು. "ಇದರಲ್ಲಿ ಸರಿಯಾಗೇ ಇದೆ. ನಾನು ಪೆನ್ನಲ್ಲಿ ಬರೆದು ಕೊಡ್ತೇನೆ," ಎಂದರು.

"ಆಗುದಿಲ್ಲ ಮೇಡಂ," ಶಶಿಧರ ಸಾರ್ ಅಡ್ಡ ಬಂದರು. "ಸಿಸ್ಟಂನಲ್ಲಿ ಇಲ್ಲದವರಿಗೆ ಮಾತ್ರೆ ಕೊಟ್ರೆ ನಾಳೆ ಯಾರು ಜವಾಬ್ದಾರಿ? ನಮ್ಮ ದಾಖಲೆ ಪ್ರಕಾರ ಈ ಲೈನಿನಲ್ಲಿ ಇರುದು ಒಬ್ಬಳೇ ಗಂಗೆ. ಕಂಪನಿಯ ಇಂಜಿನಿಯರ್ ಬಂದು ನೋಡಿ ಸರ್ಟಿಫೈ ಮಾಡಿದ್ದಾರೆ. ಒಬ್ಬಳು ನಿಲ್ಲಿ, ಇಬ್ಬರು ಹೋಗಿ."

ಹೆಂಗಸರೆಲ್ಲ ವ್ಯಾನಿನ ಮುಂದೆ ಬಂದು ಚಕ್ರಕ್ಕೆ ಬೆನ್ನು ಕೊಟ್ಟು ಕೂತರು. ಯಾರೂ ಹೇಳಿಕೊಟ್ಟದ್ದಲ್ಲ. ಡ್ರೈವರ್ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಅಕ್ಕ ಮಾತ್ರ ಕೂರಲಿಲ್ಲ. ಮೇಜಿನ ಹತ್ತಿರ ಹೋದಳು. ಲ್ಯಾಪ್‌ಟಾಪನ್ನು ಎರಡು ಕೈಯಿಂದ ಹಿಡಿದು ಶಶಿಧರ ಸಾರಿನ ಮುಖದ ಕಡೆಗೆ ತಿರುಗಿಸಿದಳು. ಕಾಫಿ ಕಿತ್ತು ಕಿತ್ತು ಕಪ್ಪಾದ ಬೆರಳು. ಯಮುನ ಹಿಂದಕ್ಕೆ ಸರಿದಳು.

"ಒಬ್ಬಳೇ ಗಂಗೆಯಾ?" ಎಂದಳು ಅಕ್ಕ. "ಹಾಗಾದ್ರೆ ಸತ್ತ ಮಗು ಯಾವ ಗಂಗೆಯದ್ದು ಅಂತ ಕೇಳು ಇದಕ್ಕೆ. ಕೇಳು. ಹೇಳುವವರೆಗೆ ನಾನು ಇಲ್ಲಿಂದ ಹೋಗುದಿಲ್ಲ."

ಶಶಿಧರ ಸಾರ್ ಫೋನ್ ತೆಗೆದು ಸಪೋರ್ಟಿನ ನಂಬರ್ ಒತ್ತಿದರು. ಆ ಕಡೆಯಿಂದ ಸಂಗೀತ ಶುರುವಾಯಿತು. ಅಕ್ಕ ಮೇಜಿಗೆ ಕೈ ಊರಿ, ಅವರ ಮುಖವನ್ನೇ ನೋಡುತ್ತಾ ನಿಂತಳು.